ಎಂಟು ಕ್ಯಾಸೆಟ್ಟು ವಾಪಸು, ಇಪ್ಪತ್ತಮೂರು ಒಳಕ್ಕೆ

ಬೂಟಿನ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿದ್ದ ಮೂವತ್ತೊಂದು ಕ್ಯಾಸೆಟ್ಟುಗಳನ್ನು ಅಂಗಡಿಯ ಮಾಲೀಕರು ಒಂದೊಂದಾಗಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಬೆನ್ನು ತಿರುಗಿಸಿ ನೋಡಿ, ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದರು. ಒಂದು ಗುಡ್ಡೆಯಲ್ಲಿ ಇಪ್ಪತ್ತೆರಡು, ಇನ್ನೊಂದರಲ್ಲಿ ಒಂಬತ್ತು. ಒಂಬತ್ತರ ಗುಡ್ಡೆಯನ್ನು ನನ್ನ ಕಡೆಗೆ ಸರಿಸಿ, ಇವೆಲ್ಲ ಕಂಪನಿಯವರು ಹೊರತಂದ ಸಿನಿಮಾ ಹಾಡುಗಳು, ಇವು ನಿಮ್ಮ ಫೋನಿನಲ್ಲೇ ಇದಕ್ಕಿಂತ ಚೆನ್ನಾಗಿ ಕೇಳಿಸುತ್ತವೆ, ಇವಕ್ಕೆ ದುಡ್ಡು ಕೊಡಬೇಡಿ ಎಂದರು. ಬಂದ ಗಿರಾಕಿಯ ಮೂರನೆಯ ಒಂದು ಪಾಲಿನಷ್ಟು ಕೆಲಸವನ್ನು ಬೇಡವೆಂದು ಹಿಂದಕ್ಕೆ ಕೊಡುವ ಅಂಗಡಿಯನ್ನು ನಾನು ಬೆಂಗಳೂರಿನಲ್ಲಿ ಇದುವರೆಗೆ ಕಂಡಿರಲಿಲ್ಲ.

ಹಳೆಯ ಕ್ಯಾಸೆಟ್ಟುಗಳಲ್ಲಿರುವ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಇವರ ಕಸುಬು. ಅಂಗಡಿ ದಕ್ಷಿಣ ಬೆಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿದೆ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಈಗಾಗಲೇ ಕಪಾಟಿನಲ್ಲಿ ಕೂತಿರುವ ಡಬ್ಬಿಗಳೇ ಆರು ತಿಂಗಳಿಗೆ ಸಾಕಾಗುವಷ್ಟಿವೆಯಂತೆ. ಹೆಸರಿಲ್ಲದ ಅಂಗಡಿಯ ವಿಮರ್ಶೆಯಿಂದ ಯಾರಿಗೇನು ಪ್ರಯೋಜನ ಎಂದು ಓದುಗರು ಕೇಳಿದರೆ ತಪ್ಪಿಲ್ಲ. ಇಂಥ ಕೆಲಸವನ್ನು ನಿಮ್ಮ ಊರಿನಲ್ಲಿ ಬೇರೆ ಯಾರ ಕೈಗಾದರೂ ಒಪ್ಪಿಸುವ ಮುನ್ನ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ನನಗೆ ಇಲ್ಲಿ ಎರಡು ತಿಂಗಳ ಓಡಾಟದಲ್ಲಿ ತಿಳಿಯಿತು. ಬರೆಯುತ್ತಿರುವುದು ಆ ಕಾರಣಕ್ಕೆ.

ಮೊದಲು ಅಂಗಡಿಯ ಮುಂಭಾಗದ ಬಗ್ಗೆ ಎರಡು ಮಾತು, ಏಕೆಂದರೆ ಅದನ್ನು ದಾಟದೆ ಒಳಗೆ ಹೋಗಲಾಗದು. ಮುಂಭಾಗವನ್ನು ಮಾಲೀಕರ ಮಗ ನೋಡಿಕೊಳ್ಳುತ್ತಾರೆ. ಅಲ್ಲಿ ಕ್ಯಾಸೆಟ್ಟಿನ ಆಕಾರದ ಕೀಲಿಗೊಂಚಲು, ಕ್ಯಾಸೆಟ್ಟಿನ ಆಕಾರದ ಗೋಡೆ ಗಡಿಯಾರ, ಎಂಬತ್ತರ ದಶಕದ ನಾಯಕರ ಚಿತ್ರ ಅಚ್ಚಾದ ಕಾಫಿ ಲೋಟ, ಹಳೆಯ ರೇಡಿಯೊದ ಮುಖವಾಡ ತೊಟ್ಟ ಬ್ಲೂಟೂತ್ ಪೆಟ್ಟಿಗೆ ಇತ್ಯಾದಿ ಮಾರಾಟಕ್ಕಿವೆ. ಆ ಪೆಟ್ಟಿಗೆಯ ದೊಡ್ಡ ತಿರುಗುಣಿಯನ್ನು ತಿರುಗಿಸಿದರೆ ಕೆಂಪು ಮುಳ್ಳು ಅಲ್ಲಾಡುವುದಿಲ್ಲ. ಮುಳ್ಳು ಬರೀ ಬಣ್ಣದಲ್ಲಿ ಬರೆದದ್ದು. ಕಾಲೇಜಿನ ಹುಡುಗರು ಬಂದು ಕೊಂಡುಕೊಂಡು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಳೆದೇ ಹೋಗದ ಹಾಡನ್ನು ಕಳೆದುಹೋಯಿತೆಂದು ನಂಬಿಸಿ ಮತ್ತೆ ನಮಗೇ ಮಾರುವ ವ್ಯಾಪಾರ ಈಗ ಎಲ್ಲೆಡೆ ಜೋರಾಗಿದೆ, ಮತ್ತು ಈ ಅಂಗಡಿಯ ಮುಂಭಾಗ ಅದೇ ಜಾತಿಗೆ ಸೇರಿದ್ದು. ನಿಜವಾಗಿ ಕಳೆದುಹೋಗುತ್ತಿರುವುದರ ಕೆಲಸ ನಡೆಯುವುದು ಪರದೆಯ ಹಿಂದಿನ ಎಂಟಡಿ ಹತ್ತಡಿಯ ಕೋಣೆಯಲ್ಲಿ.

ನನ್ನ ಡಬ್ಬಿ ಸಾಗರದ ಕಡೆಯ ನಮ್ಮ ಹಳ್ಳಿಮನೆಯ ಅಟ್ಟದಿಂದ ಬಂದದ್ದು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. 1984ರಲ್ಲಿ ಅವರು ಒಂದು ಟೂ-ಇನ್-ಒನ್ ಕೊಂಡು ತಂದರು. ರೇಡಿಯೊ ಮತ್ತು ಟೇಪ್‌ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿದ್ದ ಆ ಯಂತ್ರವನ್ನು ಎಲ್ಲರೂ ಆಗ ಕರೆಯುತ್ತಿದ್ದದ್ದು ಹಾಗೆಯೇ. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಈ ಪುಟ್ಟ ಕ್ಯಾಸೆಟ್ಟು ನಮ್ಮ ಹಳ್ಳಿಗಳನ್ನು ತಲುಪಲು ಇಪ್ಪತ್ತು ವರ್ಷ ಹಿಡಿಯಿತಾದರೂ, ಬಂದ ಮೇಲೆ ಐದಾರು ವರ್ಷಗಳಲ್ಲಿ ಎಲ್ಲವನ್ನೂ ಬದಲಿಸಿಬಿಟ್ಟಿತು. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ಟೆಂದು ಹೇಳಲಾಗುವ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ 1978ರಲ್ಲಿ ಬಂದಿತ್ತು. ಅದರ ಹಿಂದೆಯೇ ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ದೇವರನಾಮ, ಜನಪದ, ಸಿನಿಮಾದ ಹಾಡು ಮಾತ್ರವಲ್ಲದೆ ಸಂಭಾಷಣೆ ಕೂಡ ಕ್ಯಾಸೆಟ್ಟಿಗೆ ಬಂದು, ಹೋಟೆಲು, ಬಸ್ಸು, ಮದುವೆಮನೆಯ ಮೈಕ್‌ಸೆಟ್ಟು ಎಲ್ಲವನ್ನೂ ತುಂಬಿದವು. ಪೇಟೆಯ ಅಂಗಡಿಗೆ ಖಾಲಿ ಕ್ಯಾಸೆಟ್ಟು ಮತ್ತು ಹಾಡುಗಳ ಪಟ್ಟಿ ಬರೆದ ಚೀಟಿ ಕೊಟ್ಟರೆ, ವಾರದೊಳಗೆ ಅಷ್ಟನ್ನೂ ತುಂಬಿಕೊಡುತ್ತಿದ್ದರು. ಒಂದು ಬದಿಯ ಮೂವತ್ತು ನಿಮಿಷಕ್ಕೆ ಸರಿಹೊಂದುವಂತೆ ಲೆಕ್ಕ ಹಾಕಿ ಬರೆದ ಪಟ್ಟಿಯೂ ಹೇಗೋ ಮೀರಿಹೋಗಿ, ಕೊನೆಯ ಹಾಡು ಎರಡನೆಯ ಚರಣದಲ್ಲಿ ಫಕ್ಕನೆ ನಿಲ್ಲುತ್ತಿತ್ತು. ಅಂಥ ಹಾಡುಗಳನ್ನು ಇಂದಿಗೂ ಪೂರ್ತಿಯಾಗಿ ಕೇಳಿದರೆ ನನಗೆ ಏನೋ ಹೆಚ್ಚುವರಿ ಸೇರಿಸಿದ ಹಾಗೆ ಅನ್ನಿಸುತ್ತದೆ.

ಇನ್ನು ವಾಪಸು ಮಾಡಿದ ಒಂಬತ್ತರ ವಿಷಯ. ನಾನು ಅವುಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಮಾಲೀಕರು ಒಂದನ್ನು ಮತ್ತೆ ಕೈಗೆತ್ತಿಕೊಂಡರು. ಅದು 1987ರ ‘ಪ್ರೇಮಲೋಕ’ದ ಹಾಡುಗಳ ಕ್ಯಾಸೆಟ್ಟು. ಹಂಸಲೇಖ ಅವರ ಸಂಗೀತದ ಆ ಹಾಡುಗಳು ಆ ವರ್ಷ ಇಲ್ಲದ ಮನೆಯೇ ಇರಲಿಲ್ಲವೆಂಬಂತೆ ಹರಡಿದ್ದವು. ಹೊಸ ಖಾಲಿ ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ತುದಿಗಳಲ್ಲಿ ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳಿರುತ್ತವೆ. ಅವನ್ನು ಮುರಿದರೆ ಆ ಬದಿಯ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗದು. ಕಂಪನಿಯ ಕ್ಯಾಸೆಟ್ಟುಗಳು ಬರುವಾಗಲೇ ಆ ಪಟ್ಟಿಗಳಿಲ್ಲದೆ, ತೂತುಗಳೊಂದಿಗೆ ಬರುತ್ತವೆ. ಈ ಕ್ಯಾಸೆಟ್ಟಿನ ಒಂದು ತೂತಿಗೆ ಯಾರೋ ನೋಟ್‌ಪುಸ್ತಕದ ಹಾಳೆಯನ್ನು ಮಡಿಸಿ ತುರುಕಿದ್ದರು. ಕಾಗದ ತುರುಕಿದ್ದಾರೆಂದರೆ ಮೇಲೆ ಏನೋ ತುಂಬಿದ್ದಾರೆ ಎಂದವರೇ, ಅದನ್ನು ಇಪ್ಪತ್ತೆರಡರ ಗುಡ್ಡೆಗೆ ಸೇರಿಸಿ ಇಪ್ಪತ್ತಮೂರು ಮಾಡಿದರು.

ತುರುಕಿದ್ದು ನನ್ನ ಅಕ್ಕ. ಹಾಗೆ ಹೇಳಿದಾಗ ನನಗೆ ನೆನಪಾಯಿತು, ಆ ವರ್ಷ ನನ್ನ ಮೆಚ್ಚಿನ ಹಾಡೊಂದನ್ನು ಅವಳು ಅಳಿಸಿಹಾಕಿದಳೆಂದು ನಾನು ಎರಡು ದಿನ ಅನ್ನ ಬಿಟ್ಟು ರಂಪ ಮಾಡಿದ್ದೆ. ಏನನ್ನು ತುಂಬಲು ಅಳಿಸಿದಳೆಂಬುದನ್ನು ಮಾತ್ರ ನಾನು ಆಗಲೂ ಕೇಳಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ಅಂಗಡಿಯವರು ಇಳಿಸಿಕೊಟ್ಟ ಕಡತದಲ್ಲಿ ಎರಡನೆಯ ಬದಿಯ ಹನ್ನೊಂದನೆಯ ನಿಮಿಷಕ್ಕೆ ಸಿನಿಮಾ ಹಾಡು ಟಪ್ಪೆಂದು ನಿಂತು, ಪಾತ್ರೆಯ ಸದ್ದಿನ ನಡುವೆ ಅಜ್ಜಿ ಹಸೆಗೆ ಕರೆಯುವ ಹಾಡು ಹೇಳುತ್ತಾರೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಡುವೆ ಒಂದು ಸಾಲು ಮರೆತು, ನಿಲ್ಲಿಸು ಅದನ್ನ, ನಿಲ್ಲಿಸು ಮಾರಾಯ್ತಿ ಎನ್ನುತ್ತಾರೆ, ಅಕ್ಕ ನಿಲ್ಲಿಸುವುದಿಲ್ಲ. ಮತ್ತೆ ಸಿನಿಮಾ ಹಾಡು ಚರಣದ ನಡುವಿನಿಂದ ಹಿಡಿದುಕೊಳ್ಳುತ್ತದೆ. ಅಜ್ಜಿಯ ದನಿ ನಮ್ಮ ಮನೆಯಲ್ಲಿ ಬೇರೆಲ್ಲೂ ಇಲ್ಲ.

ಇಷ್ಟನ್ನು ಗುರುತಿಸಿದ ಆ ಒಂದು ನೋಟಕ್ಕೇ ನಾನು ಈ ಅಂಗಡಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಉಳಿದ ಕೆಲಸದಲ್ಲಿ ಮೆಚ್ಚುವುದೂ ಇದೆ, ದೂರುವುದೂ ಇದೆ.

ಮೆಚ್ಚುವುದರಲ್ಲಿ ಮೊದಲನೆಯದು ಸಿದ್ಧತೆ. ಮಲೆನಾಡಿನ ಅಟ್ಟದಲ್ಲಿ ಮೂವತ್ತು ಮಳೆಗಾಲ ಕಳೆದ ರೀಲಿಗೆ ಬೂಷ್ಟು ಹಿಡಿಯದಿರುವುದುಂಟೇ? ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯೊಳಗೆ ಟಾರ್ಚು ಬಿಟ್ಟು ನೋಡಿದರೆ, ಸುತ್ತಿದ ರೀಲಿನ ಅಂಚಿನ ಮೇಲೆ ರಂಗೋಲಿಪುಡಿ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಅಂಥ ಕ್ಯಾಸೆಟ್ಟನ್ನು ನೇರವಾಗಿ ಯಂತ್ರಕ್ಕೆ ಹಾಕಿದರೆ ಬೂಷ್ಟು ಯಂತ್ರದ ತಲೆಗೆ, ಅಂದರೆ ರೀಲನ್ನು ಓದುವ ಭಾಗಕ್ಕೆ, ಮೆತ್ತಿಕೊಂಡು, ಅಲ್ಲಿಂದ ಮುಂದಿನ ಗಿರಾಕಿಯ ಕ್ಯಾಸೆಟ್ಟಿಗೂ ಹರಡುತ್ತದೆ. ಇವರು ಅವನ್ನು ಬೇರೆ ಮಾಡಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಹಲವು ದಿನ ಇಟ್ಟು, ಒಣಗಿದ ಮೇಲೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ರೀಲನ್ನು ನಿಧಾನವಾಗಿ ಓಡಿಸುತ್ತ ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ರೀಲಿರುತ್ತದೆ. ಅದರ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ತೊಂಬತ್ತು ನಿಮಿಷದ್ದರಲ್ಲಿ ಉದ್ದ ಹೆಚ್ಚು, ಅದೇ ಡಬ್ಬಿಯಲ್ಲಿ ಹಿಡಿಸಬೇಕಾದ್ದರಿಂದ ದಪ್ಪ ಕಡಿಮೆ. ಎಳೆದರೆ ಹಿಗ್ಗುವ, ಸುಕ್ಕುಗಟ್ಟುವ, ಯಂತ್ರದ ರಬ್ಬರು ಗಾಲಿಗೆ ಸುತ್ತಿಕೊಳ್ಳುವ ಕ್ಯಾಸೆಟ್ಟುಗಳೆಲ್ಲ ಬಹುಪಾಲು ಈ ತೊಂಬತ್ತರವೇ. ಕಡಿಮೆ ದುಡ್ಡಿನಲ್ಲಿ ಹೆಚ್ಚು ಹೊತ್ತು ಬರುತ್ತದೆಂದು ಅಪ್ಪ ಅವನ್ನೇ ಹುಡುಕಿ ತರುತ್ತಿದ್ದರು.

ಆರು ಕ್ಯಾಸೆಟ್ಟುಗಳ ಕವಚವನ್ನು ಬಿಚ್ಚಬೇಕಾಯಿತು. ಸ್ಕ್ರೂ ಇದ್ದವು ಸುಲಭ. ಎರಡು ಹೋಳುಗಳನ್ನು ಬೆಸೆದು ಮುಚ್ಚಿದ ಅಗ್ಗದ ಕ್ಯಾಸೆಟ್ಟುಗಳನ್ನು ಮಾತ್ರ ಅಂಚಿನಲ್ಲಿ ಚಾಕು ಆಡಿಸಿ ಒಡೆದು, ರೀಲಿನ ಎರಡು ಸುರುಳಿಗಳನ್ನು ಬೇರೊಂದು ಕವಚಕ್ಕೆ ವರ್ಗಾಯಿಸಬೇಕು. ನನ್ನ ಎದುರಿಗೇ ಅವರು ಒಂದನ್ನು ಮಾಡಿ ತೋರಿಸಿದರು. ರೀಲನ್ನು ಯಂತ್ರದ ತಲೆಗೆ ಒತ್ತಿಹಿಡಿಯುವ, ಹೆಸರುಕಾಳಿಗಿಂತ ತುಸು ದೊಡ್ಡದಾದ ಉಣ್ಣೆಯ ತುಂಡು ಅಂಟು ಬಿಟ್ಟು ಉದುರಿಹೋಗಿತ್ತು. ಇದು ಇಲ್ಲದಿದ್ದರೆ ಹಾಡು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ, ಜನ ಟೇಪೇ ಕೆಟ್ಟಿತೆಂದು ಬಿಸಾಡುತ್ತಾರೆ ಎಂದು ಹೇಳುತ್ತ, ಬೇರೊಂದು ಕವಚದ ಉಣ್ಣೆಯ ತುಂಡನ್ನು ಚಿಮುಟದಿಂದ ಹಿಡಿದು ಕೂರಿಸಿದರು. ಕೈ ನಡುಗಲಿಲ್ಲ. ಬಳಿಯಲ್ಲಿ ಒಂದು ಆರು ಮೂಲೆಯ ಪೆನ್ಸಿಲ್ಲೂ ಇತ್ತು. ಸಡಿಲವಾದ ರೀಲನ್ನು ಬಿಗಿಯಲು ಅದಕ್ಕಿಂತ ಒಳ್ಳೆಯ ಉಪಕರಣವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲವೆಂದು ತೋರುತ್ತದೆ.

ಎರಡನೆಯದು ಕಿವಿ. ಮನೆಯಲ್ಲಿ ತುಂಬಿದ ಕ್ಯಾಸೆಟ್ಟುಗಳ ತೊಡಕೇನೆಂದರೆ, ಅವನ್ನು ತುಂಬಿದ ಯಂತ್ರವೇ ಸೊಟ್ಟಗಿರುತ್ತದೆ. ತಲೆ ಒಂದು ಕೂದಲೆಳೆಯಷ್ಟು ಓರೆಯಾಗಿದ್ದರೂ ಆ ಯಂತ್ರದಲ್ಲಿ ಕೇಳುವಾಗ ಗೊತ್ತಾಗುವುದಿಲ್ಲ, ಏಕೆಂದರೆ ಬರೆದದ್ದೂ ಓದುವುದೂ ಒಂದೇ ಓರೆಯ ತಲೆ. ಅದೇ ಕ್ಯಾಸೆಟ್ಟನ್ನು ಸರಿಯಾದ ಯಂತ್ರಕ್ಕೆ ಹಾಕಿದರೆ ತಾರಕದ ಸ್ವರಗಳೆಲ್ಲ ಮಸುಕಾಗುತ್ತವೆ. ಆದ್ದರಿಂದ ಒಳ್ಳೆಯ ಯಂತ್ರವಿದ್ದ ಮಾತ್ರಕ್ಕೆ ಸಾಲದು. ಪ್ರತಿ ಕ್ಯಾಸೆಟ್ಟಿಗೂ ತಲೆಯ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ, ನಮ್ಮಪ್ಪನ ಯಂತ್ರ ಎಷ್ಟು ಓರೆಯಿತ್ತೋ ಅಷ್ಟೇ ಓರೆಗೆ ತಮ್ಮ ಯಂತ್ರವನ್ನೂ ತರಬೇಕು. ತಾಳಮದ್ದಳೆಯ ಒಂದು ಕ್ಯಾಸೆಟ್ಟಿನಲ್ಲಿ ಅವರು ಹಾಗೆ ತಿರುಪು ತಿರುಗಿಸುವಾಗ ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿರಬಹುದು. ಅದುವರೆಗೆ ತಗಡಿನ ಮೇಲೆ ಬೆರಳು ಬಡಿದಂತಿದ್ದದ್ದು ಒಮ್ಮೆಲೇ ಭಾಗವತರ ಕೈಯ ಕಂಚಿನ ತಾಳವಾಯಿತು. ಅದರ ಗುಂಯ್‌ಗುಡುವಿಕೆ ನಿಧಾನವಾಗಿ ಆರುವುದು ಕೂಡ ಕೇಳಿಸಿತು.

ಈಗ ದೂರು. ಮೊದಲ ಕಂತಿನಲ್ಲಿ ಅವರು ಇಳಿಸಿಕೊಟ್ಟ ಐದು ತಾಳಮದ್ದಳೆಯ ಕಡತಗಳನ್ನು ಮನೆಗೆ ತಂದು ಕೇಳಿದಾಗ ನನಗೆ ಏನೋ ಕೊರತೆ ಕಾಣಿಸಿತು. ಮಾತು ಸ್ಪಷ್ಟವಾಗಿತ್ತು, ಮದ್ದಳೆ ಸ್ಪಷ್ಟವಾಗಿತ್ತು, ಆದರೆ ಎಲ್ಲವೂ ಯಾವುದೋ ಸ್ಟುಡಿಯೊದ ಮುಚ್ಚಿದ ಕೋಣೆಯಲ್ಲಿ ನಡೆದ ಹಾಗಿತ್ತು. ಎರಡನೆಯ ದಿನ ಹೊಳೆಯಿತು: ಮಳೆ ಇಲ್ಲ. ಬೇಸಿಗೆಯಲ್ಲಿ ಬಯಲಾಟ ಕುಣಿದ ಮೇಳಗಳು ಮಳೆಗಾಲಕ್ಕೆ ಗೆಜ್ಜೆ ಬಿಚ್ಚಿದ ಮೇಲೆ, ಕುಣಿತವಿಲ್ಲದೆ ವೇಷವಿಲ್ಲದೆ ಬರೀ ಹಾಡು ಮತ್ತು ಅರ್ಥದ, ಅಂದರೆ ಪಾತ್ರಗಳ ಮಾತಿನ, ಮೇಲೆ ನಡೆಯುವ ತಾಳಮದ್ದಳೆ ನಮ್ಮಲ್ಲಿ ಮಳೆಗಾಲದ ಕಲೆ. ಅಪ್ಪ ಅವನ್ನು ತುಂಬಿದ್ದು ಜುಲೈ, ಆಗಸ್ಟ್ ತಿಂಗಳ ರಾತ್ರಿಗಳಲ್ಲಿ, ದೇವಸ್ಥಾನದ ಚಾವಡಿಯಲ್ಲಿ, ತಗಡಿನ ಮಾಡಿನ ಕೆಳಗೆ. ಆ ಕ್ಯಾಸೆಟ್ಟುಗಳನ್ನು ನಾವು ಆ ಕಾಲದಲ್ಲಿ ಕೇಳಿದಾಗಲೆಲ್ಲ ಮಳೆಯೊಂದಿಗೇ ಕೇಳಿದ್ದೆವು.

ವಿಚಾರಿಸಿದಾಗ ಕಾರಣ ತಿಳಿಯಿತು. ಇಳಿಸಿದ ಮೇಲೆ ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದನ್ನು ತೆಗೆಯಲು ಅವರು ಒಂದು ತಂತ್ರಾಂಶವನ್ನು ಬಳಸುತ್ತಾರೆ. ಒಂದೇ ಸಮನಾಗಿ ಕೇಳುವ, ಎಲ್ಲ ಸ್ವರಗಳಲ್ಲೂ ಹರಡಿಕೊಂಡ ಸದ್ದನ್ನು ಅದು ಟೇಪಿನ ದೋಷವೆಂದು ತಿಳಿದು ಕಳೆಯುತ್ತದೆ. ಮಲೆನಾಡಿನಲ್ಲಿ ತಗಡಿನ ಮೇಲೆ ಬೀಳುವ ಜಡಿಮಳೆಗೂ ಟೇಪಿನ ಸುಯ್ಯಿಗೂ ಆ ತಂತ್ರಾಂಶಕ್ಕೆ ವ್ಯತ್ಯಾಸ ಗೊತ್ತಿಲ್ಲ. ಗಿರಾಕಿಗಳಲ್ಲಿ ಹೆಚ್ಚಿನವರು ಸ್ವಚ್ಛ ಮಾಡಿಕೊಡಿ ಎನ್ನುತ್ತಾರೆ, ಹಾಗಾಗಿ ಕೇಳದೆಯೇ ಮಾಡಿಬಿಟ್ಟೆವು ಎಂದರು. ಕೇಳದೆ ಮಾಡಿದ್ದು ತಪ್ಪು. ಹಾಗೆಂದು ಮೂಲ ಕಡತವನ್ನು ಅವರು ಅಳಿಸಿರಲಿಲ್ಲ, ಅದು ಅವರ ಶಿಸ್ತು. ಒರೆಸದ ಪ್ರತಿಗಳನ್ನು ಅಂದೇ ಕೊಟ್ಟರು, ಮತ್ತು ಈಗ ಚೀಟಿಯಲ್ಲಿ ‘ಇದ್ದ ಹಾಗೆ / ಒರೆಸಿ / ಎರಡೂ’ ಎಂಬ ಮೂರು ಚೌಕಗಳನ್ನು ಅಚ್ಚು ಹಾಕಿಸಿದ್ದಾರೆ. ಎರಡೂ ಎಂಬುದಕ್ಕೆ ಗುರುತು ಹಾಕಿ. ಹೆಚ್ಚಿನ ದುಡ್ಡು ಕೇಳುವುದಿಲ್ಲ.

ಇನ್ನೊಂದು ಜಗಳ ದೊಡ್ಡದು, ಅದು ವೇಗದ್ದು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ತುಂಬುವಾಗ ಯಂತ್ರ ನಿಧಾನವಾಗಿ ಓಡಿದ್ದರೆ, ಸರಿಯಾದ ವೇಗದಲ್ಲಿ ಕೇಳುವಾಗ ದನಿ ಏರುತ್ತದೆ, ಮಾತು ಅವಸರವಾಗುತ್ತದೆ. ಕರೆಂಟಿಗೆ ಸಿಕ್ಕಿಸಿ ತುಂಬಿದ ಕ್ಯಾಸೆಟ್ಟುಗಳಲ್ಲಿ ಇದನ್ನು ಪತ್ತೆಹಚ್ಚಲು ಅವರ ಬಳಿ ಒಂದು ಜಾಣ ಉಪಾಯವಿದೆ: ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್‌ಗುಡುವ ಸದ್ದು 50 ಹರ್ಟ್ಸ್‌ಗೆ ಇರಬೇಕು, ಪರದೆಯ ಮೇಲೆ ಅದು 52 ತೋರಿಸಿದರೆ ನೂರಕ್ಕೆ ನಾಲ್ಕರಷ್ಟು ವೇಗ ಹೆಚ್ಚಾಗಿದೆಯೆಂದು ಅರ್ಥ. ಆ ಕಾಲದ ಕರೆಂಟೇ 50ರಲ್ಲಿ ನೆಟ್ಟಗೆ ನಿಲ್ಲುತ್ತಿರಲಿಲ್ಲವಾದ್ದರಿಂದ ಇದು ಅಂದಾಜಿನ ಲೆಕ್ಕವೆಂದು ಅವರೇ ಒಪ್ಪುತ್ತಾರೆ. ನಮ್ಮ ತಾಳಮದ್ದಳೆಗಳಲ್ಲಿ ಆ ಅಂದಾಜಿಗೂ ದಾರಿಯಿರಲಿಲ್ಲ. ಶರಾವತಿಯ ವಿದ್ಯುತ್ತು ನಮ್ಮ ಪಕ್ಕದಲ್ಲೇ ಹುಟ್ಟಿದರೂ ಮಳೆಗಾಲದ ರಾತ್ರಿ ನಮ್ಮೂರಿನ ಕಂಬದವರೆಗೆ ಬರುತ್ತಿದ್ದದ್ದು ಅಪರೂಪ. ಅಪ್ಪ ತುಂಬಿದ್ದೆಲ್ಲ ದಪ್ಪ ಸೆಲ್ಲುಗಳ ಮೇಲೆ. ಸೆಲ್ಲು ಸೊರಗಿದ ಹಾಗೆ ಯಂತ್ರ ನಿಧಾನವಾಗುತ್ತ ಹೋಗಿದೆ. ಹಾಗಾಗಿ ಈಗ ಕೇಳಿದರೆ, ಭಾಗವತರು ಆರಂಭಿಸಿದ ಶ್ರುತಿಗಿಂತ ಬದಿ ಮುಗಿಯುವ ಹೊತ್ತಿಗೆ ಸುಮಾರು ಒಂದು ಮನೆ, ಅಂದರೆ ಹಾರ್ಮೋನಿಯಂನ ಒಂದು ಕೀಲಿಯಷ್ಟು, ಮೇಲೇರಿರುತ್ತಾರೆ.

ನಾನು ಇದನ್ನು ಹೇಳಿದಾಗ ಮಾಲೀಕರು, ಬೆಳಗಿನ ಜಾವಕ್ಕೆ ನಿಮ್ಮ ಕಡೆಯ ಭಾಗವತರು ಏರುಶ್ರುತಿಗೆ ಹೋಗುತ್ತಾರಂತಲ್ಲ ಸಾರ್ ಎಂದರು. ಮೈಸೂರು ಸೀಮೆಯವರಾದ ಅವರಿಗೆ ಯಾರು ಹೇಳಿದ್ದೋ ತಿಳಿಯದು. ಭಾಗವತರು ಬದಲಾದರೆ ಶ್ರುತಿ ಬದಲಾಗುವುದು ನಿಜ, ಆದರೆ ನಲವತ್ತೈದು ನಿಮಿಷ ಎಡೆಬಿಡದೆ ಇರುವೆ ಹರಿದ ಹಾಗೆ ಏರುವ ಶ್ರುತಿ ಎಲ್ಲಿಯೂ ಇಲ್ಲ, ಅಲ್ಲದೆ ಭೀಷ್ಮನ ಅರ್ಥ ಹೇಳುತ್ತಿದ್ದವರ ಕೆಮ್ಮು ಕೂಡ ಬರಬರುತ್ತ ಹುಡುಗನ ಕೆಮ್ಮಾಗಿತ್ತು ಎಂದು ನಾನು ವಾದಿಸಿದೆ. ಅವರು ಒಪ್ಪಲಿಲ್ಲ. ಮೂರು ದಿನದ ಬಳಿಕ ಫೋನು ಮಾಡಿ, ಕೆಮ್ಮನ್ನು ಕೇಳಿದೆ, ನೀವು ಹೇಳಿದ್ದು ಸರಿ ಎಂದರು. ಶ್ರುತಿಪೆಟ್ಟಿಗೆಯ ಸ್ವರವನ್ನೇ ಆಧಾರವಾಗಿಟ್ಟುಕೊಂಡು ಇಡೀ ಬದಿಯನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತ ಸರಿಪಡಿಸಲು ಅವರಿಗೆ ಮೂರು ವಾರ ಹಿಡಿಯಿತು. ಹೇಳಿದ್ದು ಒಂದು ವಾರ. ನಡುವೆ ಎರಡು ಸಲ ಮುಗಿದಿದೆ ಬನ್ನಿ ಎಂದು ಕರೆಸಿ, ಹೋದಾಗ ಮುಗಿದಿರಲಿಲ್ಲ. ಊರಿನ ಇನ್ನೊಂದು ತುದಿಯಿಂದ ಹೋಗಿಬರುವವರಿಗೆ ಇದು ಸಣ್ಣ ಕಿರಿಕಿರಿಯಲ್ಲ. ಅದಕ್ಕೆ ದುಡ್ಡು ಪಡೆಯಲಿಲ್ಲವೆಂಬುದನ್ನೂ ಹೇಳಬೇಕು.

ರೇಡಿಯೊದಿಂದ ತುಂಬಿದ ನಾಲ್ಕು ಕ್ಯಾಸೆಟ್ಟುಗಳ ವಿಷಯದಲ್ಲಿ ಅಂಗಡಿಯವರದೇನೂ ತಪ್ಪಿಲ್ಲ, ತಪ್ಪು ನಮ್ಮಪ್ಪನದು. ಭದ್ರಾವತಿ ಆಕಾಶವಾಣಿಯಲ್ಲಿ ಕೇಳುಗರು ಪತ್ರ ಬರೆದು ಕೇಳಿದ ಚಿತ್ರಗೀತೆಗಳು ಬರುತ್ತಿದ್ದವು. ಹಾಡಿಗೆ ಮುಂಚೆ ಉದ್ಘೋಷಕರು ಪತ್ರ ಬರೆದವರ ಹೆಸರು, ಊರುಗಳನ್ನು ಒಂದೇ ಉಸಿರಿನಲ್ಲಿ ಓದುತ್ತಿದ್ದರು. ಹಾಡು ಮಾತ್ರ ಶುದ್ಧವಾಗಿ ಬರಬೇಕೆಂದು ಅಪ್ಪ ಆ ಹೆಸರುಗಳು ಮುಗಿಯುವವರೆಗೆ ಪಾಸ್ ಗುಂಡಿ ಒತ್ತಿ ಹಿಡಿದು, ಸಂಗೀತದ ಮೊದಲ ಸದ್ದಿಗೆ ಬಿಡುತ್ತಿದ್ದರು. ಅದರಲ್ಲಿ ಅವರಿಗೆ ಎಷ್ಟು ಪಳಗಿತ್ತೆಂದರೆ ನಾಲ್ಕು ಕ್ಯಾಸೆಟ್ಟುಗಳಲ್ಲಿ ಒಟ್ಟು ಒಂದೇ ಕಡೆ ಬೆರಳು ತಡವಾಗಿದೆ. ಅಲ್ಲಿ ‘…ಹೊಸನಗರದಿಂದ ಮತ್ತು ಗೆಳೆಯರು’ ಎಂಬಷ್ಟು ಉಳಿದಿದೆ. ಆ ನಾಲ್ಕು ಕ್ಯಾಸೆಟ್ಟುಗಳ ಹಾಡುಗಳೆಲ್ಲ ಇಂದು ಎಲ್ಲೆಂದರಲ್ಲಿ ಸಿಗುತ್ತವೆ. ಮಾಲೀಕರು ಇವನ್ನೂ ಬೇಡವೆನ್ನಬಹುದಿತ್ತು. ಆದರೆ ಮನೆಯಲ್ಲಿ ತುಂಬಿದ್ದನ್ನು ಕೇಳದೆ ವಾಪಸು ಮಾಡುವುದಿಲ್ಲವೆಂಬುದು ಅವರ ನಿಯಮವಂತೆ. ಆ ಮೂರು ಪದಗಳಿಗೆ ನಾನು ಎಷ್ಟು ಕೊಟ್ಟೆನೆಂದು ಲೆಕ್ಕ ಹಾಕಲು ಹೋಗಿಲ್ಲ.

ಒಟ್ಟು ಲೆಕ್ಕ ಮಾತ್ರ ಹೀಗಿದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ 300 ರೂಪಾಯಿ, ತೊಂಬತ್ತರದಕ್ಕೆ 400, ಕವಚ ಬಿಚ್ಚಿದರೆ ಇನ್ನೂ 150. ಇದುವರೆಗೆ ಕೈಸೇರಿದ ಇಪ್ಪತ್ತೆರಡಕ್ಕೆ ನಾನು 8,300 ರೂಪಾಯಿ ಕೊಟ್ಟಿದ್ದೇನೆ. ಅಗ್ಗವಲ್ಲ. ಆದರೆ ಒಂದು ಗಂಟೆಯ ಕ್ಯಾಸೆಟ್ಟನ್ನು ಇಳಿಸಲು ಒಂದು ಗಂಟೆ ಬೇಕೇ ಬೇಕು. ಎರಡು ಪಟ್ಟು ವೇಗದಲ್ಲಿ ಓಡಿಸಿ ಅರ್ಧ ಹೊತ್ತಿನಲ್ಲಿ ಮುಗಿಸುವವರು ಇದ್ದಾರೆ, ಅವರ ಕೈಗೆ ಕೊಟ್ಟರೆ ತಾರಕದ ಸ್ವರಗಳನ್ನು ಅಲ್ಲೇ ಬಿಟ್ಟುಬಂದ ಹಾಗೆ. ಇವರು ಕೊಡುವುದು ಎರಡು ಪ್ರತಿ. ಒಂದು ಕುಗ್ಗಿಸದ ಕಡತ, ಗಂಟೆಗೆ ಸುಮಾರು ಒಂದು ಗಿಗಾಬೈಟು. ಇನ್ನೊಂದು ಫೋನಿನಲ್ಲಿ ಕೇಳಲು ಕುಗ್ಗಿಸಿದ್ದು. ನನ್ನ ಇಪ್ಪತ್ತಾರು ಗಂಟೆಗಳ ‘ಇದ್ದ ಹಾಗೆ’ ಪ್ರತಿಗಳು 32 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ ಹೇಗೋ ಹಿಡಿಸಿದವು. ಜೊತೆಗೆ ಪ್ರತಿ ಕ್ಯಾಸೆಟ್ಟಿನ ಒಳಗಿನ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ಅದೇ ಹೆಸರಿನಲ್ಲಿ ಇಟ್ಟಿರುತ್ತಾರೆ. ನಾನು ಕೇಳಿರಲಿಲ್ಲ. ಅಪ್ಪನ ದುಂಡು ಅಕ್ಷರದಲ್ಲಿ ಪ್ರಸಂಗದ ಹೆಸರು, ತಾರೀಖು, ಅರ್ಥಧಾರಿಗಳ ಪಟ್ಟಿ, ಅದರ ಕೆಳಗೆ ‘ಸೆಲ್ಲು 6, ಹೊಸತು’ ಎಂಬ ಟಿಪ್ಪಣಿ ಎಲ್ಲವೂ ಓದುವಷ್ಟು ಸ್ಪಷ್ಟವಾಗಿ ಬಂದಿವೆ.

ಪಟ್ಟಿಯೊಂದನ್ನು ಮಾಡಿಕೊಡುವ ಸೇವೆ ಅವರಲ್ಲಿ ಇಲ್ಲ. ಎಷ್ಟನೆಯ ನಿಮಿಷದಲ್ಲಿ ಏನಿದೆ ಎಂಬುದನ್ನು ನೀವೇ ಕೇಳಿ ಬರೆದುಕೊಳ್ಳಬೇಕು. ಇದು ಕೊರತೆಯೆಂದು ಮೊದಲು ಅನ್ನಿಸಿತ್ತು, ಈಗ ಹಾಗನ್ನಿಸುವುದಿಲ್ಲ. ಕಾಯಲು ಹಾಕಿರುವ ಬೆಂಚು ಕಿರಿದು, ಗಾಳಿಯಿಲ್ಲ. ವಾಹನ ನಿಲ್ಲಿಸಲು ಜಾಗವಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಮುಂಭಾಗ ತೆರೆದಿದ್ದರೂ ಒಳಗಿನ ಕೋಣೆ ಮುಚ್ಚಿರುತ್ತದೆ, ಆ ಹೊತ್ತಿನಲ್ಲಿ ಹೋದರೆ ಕೀಲಿಗೊಂಚಲು ಕೊಂಡು ಬರಬೇಕಾದೀತು. ಇಂಥ ಯಾವುದೇ ಅಂಗಡಿಗೆ ಹೋಗುವವರು ಕ್ಯಾಸೆಟ್ಟಿನೊಂದಿಗೆ ಅದರ ಡಬ್ಬಿ ಮತ್ತು ಕಾರ್ಡನ್ನೂ ಒಯ್ಯಿರಿ, ಮನೆಯಲ್ಲಿ ಒಮ್ಮೆ ಹಾಕಿ ನೋಡೋಣವೆಂದು ಹಳೆಯ ಯಂತ್ರಕ್ಕೆ ತುರುಕಬೇಡಿ, ಮತ್ತು ಸಿನಿಮಾ ಹಾಡಿನ ಕ್ಯಾಸೆಟ್ಟುಗಳ ಬೆನ್ನಿನ ತೂತಿನಲ್ಲಿ ಕಾಗದವೋ ಹತ್ತಿಯೋ ಅಂಟುಪಟ್ಟಿಯೋ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಅಕ್ಕಂದಿರು ಎಲ್ಲರ ಮನೆಯಲ್ಲೂ ಇದ್ದರು.

ಇಪ್ಪತ್ತಮೂರರಲ್ಲಿ ಉಳಿದ ಒಂದು ಕ್ಯಾಸೆಟ್ಟು ಇನ್ನೂ ಅವರ ಬಳಿಯೇ ಇದೆ. ಅರವತ್ತು ನಿಮಿಷದ್ದು, ಬೂಷ್ಟು ಹೆಚ್ಚಾಗಿ ರೀಲಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಒಣಗಲು ಬಿಟ್ಟಿದ್ದಾರೆ, ದೀಪಾವಳಿ ಕಳೆದು ಬನ್ನಿ ಎಂದಿದ್ದಾರೆ. ಅದರ ಕಾರ್ಡಿನ ಮೇಲೆ ಅಪ್ಪ ಏನೂ ಬರೆದಿಲ್ಲ. ಬೆನ್ನಿನ ಮೇಲಿನ ಎರಡೂ ಪಟ್ಟಿಗಳನ್ನು ಮಾತ್ರ ನೀಟಾಗಿ ಮುರಿದಿದ್ದಾರೆ.